ಹಾಲಿಗೊಂದು ನ್ಯಾಯ, ಹುಡುಗನಿಗೊಂದು ನ್ಯಾಯ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಕಡೆ ಬೆಳಗಿನ ಹೊತ್ತು ಹೋದವರಿಗೆ ಒಂದು ನೋಟ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು. ಒಳಗೆ ಕುಳಿತಾತ ಪ್ರತಿಯೊಬ್ಬರ ಹಾಲಿನಿಂದಲೂ ಒಂದಿಷ್ಟನ್ನು ತೆಗೆದು ಡಿಗ್ರಿ ನೋಡುತ್ತಾನೆ, ಫ್ಯಾಟು ನೋಡುತ್ತಾನೆ, ಚೀಟಿ ಕೊಡುತ್ತಾನೆ. ಆ ಚೀಟಿಯಲ್ಲಿ ಎಷ್ಟು ಲೀಟರು, ಎಷ್ಟು ಕೊಬ್ಬು, ಎಷ್ಟು ದರ ಎಲ್ಲವೂ ಇರುತ್ತದೆ. ದರ ಕಡಿಮೆಯಾಯಿತೆಂದು ತೋರಿದರೆ ಮುದುಕಿಯೊಬ್ಬಳು ಚೀಟಿ ಹಿಡಿದು ಜಗಳಕ್ಕೆ ನಿಲ್ಲಬಹುದು. 'ನಾನು ಇಪ್ಪತ್ತು ವರ್ಷದಿಂದ ಹಾಲು ನೋಡುತ್ತಿದ್ದೇನೆ, ನಿನ್ನ ಹಾಲು ನೀರು' ಎಂದು ಬರಿಯ ಕಣ್ಣಿನಿಂದ ನೋಡಿ ತೀರ್ಪು ಕೊಡುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ. ಕೊಟ್ಟರೆ ಮರುದಿನ ಡೇರಿಯ ಬಾಗಿಲು ತೆರೆಯುವುದು ಕಷ್ಟ.

ಅದೇ ಊರಿನ ಹದಿನಾರು ವರ್ಷದ ಹುಡುಗನೊಬ್ಬ ಹಾಕಿ ಆಡುತ್ತಾನೆ. ಊರಿನಲ್ಲಿ ಟರ್ಫ್ ಇಲ್ಲ, ಮಣ್ಣಿನ ನೆಲ. ಸ್ಟಿಕ್ಕು ಬೇರೆಯವರು ಆಡಿ ಬಿಟ್ಟದ್ದು. ಆತ ಕ್ರೀಡಾ ವಸತಿನಿಲಯವೊಂದರ ಆಯ್ಕೆಗೆ ಹೋದಾಗ ಅವನ ಸೋದರಮಾವನ ಜತೆ ನಾನೂ ಹೋಗಿದ್ದೆ. ಅಲ್ಲಿ ಅವನನ್ನು ಅಳೆದ ರೀತಿಯನ್ನು ಕಂಡ ಮೇಲೆ ಈ ಲೇಖನ ಬರೆಯದೆ ಇರುವುದು ಸಾಧ್ಯವಾಗಲಿಲ್ಲ. ವಿಚಾರ ಒಬ್ಬ ಹುಡುಗನದಾಗಿದ್ದರೆ ವಾಚಕರ ಭಾನುವಾರವನ್ನು ಕೆಡಿಸುವ ಹಕ್ಕು ನನಗಿರಲಿಲ್ಲ. ಇದು ಕರ್ನಾಟಕದಲ್ಲಿ ಸ್ಟಿಕ್ಕು ಹಿಡಿದ ಪ್ರತಿಯೊಬ್ಬ ಮಕ್ಕಳ ಪ್ರಶ್ನೆ.

ನಡೆದದ್ದು ಇಷ್ಟೆ. ಇಪ್ಪತ್ತು ನಿಮಿಷಗಳ ಎರಡು ಆಟ. ನಮ್ಮ ಹುಡುಗ ಎಡಗಡೆಯ ಫಾರ್ವರ್ಡ್. ಗೋಲು ಹೊಡೆಯಲಿಲ್ಲ. ಅವನ ಪಕ್ಕದಲ್ಲೇ ಆಡಿದ ಇನ್ನೊಬ್ಬ ಎರಡು ಗೋಲು ಹೊಡೆದ, ಆಯ್ಕೆಯಾದ. ಆ ಹುಡುಗನ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಚೆಂಡು ಸಿಕ್ಕಾಗ ತಪ್ಪದೆ ಹೊಡೆಯುವುದೂ ಒಂದು ವಿದ್ಯೆಯೇ. ಆದರೆ ಆ ಎರಡು ಗೋಲುಗಳಿಗೂ ಚೆಂಡು ಬಂದದ್ದು ಎಲ್ಲಿಂದ? ಎರಡು ಸಲವೂ ನಮ್ಮ ಹುಡುಗ ಎದುರಾಳಿಯ ಬ್ಯಾಕ್‌ನ ಕೈಯಿಂದ ಕಸಿದುಕೊಟ್ಟಲ್ಲಿಂದ. ಸೋದರಮಾವ ಬಸ್ಸಿನ ಟಿಕೆಟ್ಟಿನ ಹಿಂಭಾಗದಲ್ಲಿ ಗೀಟು ಹಾಕುತ್ತ ಕುಳಿತಿದ್ದ. ಹುಡುಗ ಎದುರಾಳಿಯ ಅರ್ಧದಲ್ಲಿ ಚೆಂಡು ಕಸಿದದ್ದು ಏಳು ಸಲ.

ಆಟ ಮುಗಿದ ಮೇಲೆ ನಾನು ಆಯ್ಕೆಗಾರರಲ್ಲಿ ಹಿರಿಯರಾದವರೊಬ್ಬರ ಬಳಿ ಹೋಗಿ, 'ಸ್ವಾಮಿ, ಆ ಎಡಗಡೆಯ ಹುಡುಗನನ್ನು ಗಮನಿಸಿದಿರಾ?' ಎಂದು ಕೇಳಿದೆ.

'ನೋಡಿದೆವು. ಚೆನ್ನಾಗಿ ಓಡುತ್ತಾನೆ. ಆದರೆ ಫಾರ್ವರ್ಡ್ ಅಂದಮೇಲೆ ಗೋಲು ಬೇಡವೆ ಸ್ವಾಮಿ?'

'ಆ ಎರಡು ಗೋಲಿಗೆ ಚೆಂಡು ಕಸಿದುಕೊಟ್ಟವನು ಅವನೇ ಅಲ್ಲವೆ?'

'ಇರಬಹುದು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇವೆ. ಒಂದು ನೋಟ ಸಾಕು, ಹುಡುಗ ಏನೆಂದು ಗೊತ್ತಾಗುತ್ತದೆ.'

ಈ 'ಒಂದು ನೋಟ ಸಾಕು' ಎಂಬ ಮಾತಿನ ಮೇಲೇ ನನ್ನ ತಕರಾರು. ಹಾಲಿಗೆ ಸಾಲದ ನೋಟ ಹುಡುಗನ ಬಾಳಿಗೆ ಸಾಕಾಗುತ್ತದೆಯೆ? ವಸತಿನಿಲಯದ ಆ ಒಂದು ಸ್ಥಾನವೆಂದರೆ ಎರಡು ಹೊತ್ತಿನ ಸರಿಯಾದ ಊಟ, ಓದು, ಟರ್ಫಿನ ಮೇಲೆ ದಿನನಿತ್ಯದ ಅಭ್ಯಾಸ, ಮುಂದೆ ದೇವರು ಕಣ್ಣು ತೆರೆದರೆ ಆಟದ ಮೇಲೆ ಒಂದು ಸರ್ಕಾರಿ ಕೆಲಸ. ನಗರದ ನಮ್ಮ ಮನೆಗಳಲ್ಲಿ ಮಗನಿಗೆ ಆಟ ಕೈಕೊಟ್ಟರೆ ಎಂಜಿನಿಯರಿಂಗ್ ಇದೆ. ಅಲ್ಲಿ ಆಟ ಕೈಕೊಟ್ಟರೆ ಮತ್ತೆ ಅದೇ ಹಾಲಿನ ಕ್ಯಾನು.

'ಫಾರ್ವರ್ಡ್ ಎಂದರೆ ಗೋಲು' ಎಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದಕ್ಕೆ ಕಾರಣವಿದೆ. 1928ರ ಆಂಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ಧ್ಯಾನ್‌ಚಂದ್ 14 ಗೋಲು ಹೊಡೆದದ್ದನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಓದಲಿ, ಹೆಮ್ಮೆಯ ಸಂಗತಿ. ಆದರೆ ಅದೇ ಕೂಟದಲ್ಲಿ ಭಾರತ ಐದು ಪಂದ್ಯಗಳಲ್ಲಿ 29 ಗೋಲು ಹೊಡೆದು ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಆ 14 ಧ್ಯಾನ್‌ಚಂದರ ಖಾತೆಯಲ್ಲಿದೆ. ಆ ಸೊನ್ನೆ ಯಾರ ಖಾತೆಯಲ್ಲಿದೆ? ಗೋಲ್‌ಕೀಪರ್ ರಿಚರ್ಡ್ ಆಲೆನ್ ಅವರಿಗೂ ಬ್ಯಾಕುಗಳಿಗೂ ಒಂದಿಷ್ಟು ಹಂಚಿ, ಉಳಿದದ್ದನ್ನು ನಾವು ಗಾಳಿಗೆ ಬಿಟ್ಟೆವು. ಹೊಡೆದದ್ದಕ್ಕೆ ಹೆಸರಿದೆ, ತಡೆದದ್ದಕ್ಕೆ ಹೆಸರಿಲ್ಲ ಎಂಬ ಪರಿಪಾಠ ಅಂದಿನಿಂದಲೇ ಬಂದದ್ದು.

ಇನ್ನೊಂದು ಸೋಜಿಗ ಕೇಳಿ. ಗೋಲನ್ನೇ ದೇವರೆಂದು ಪೂಜಿಸಿದ ನಾವು ಗೋಲಿನ ಲೆಕ್ಕವನ್ನಾದರೂ ನೆಟ್ಟಗೆ ಇಟ್ಟೆವೆ? ಧನರಾಜ್ ಪಿಳ್ಳೈ 339 ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದರು. ಅವರು ಹೊಡೆದ ಗೋಲು ಎಷ್ಟು? 170ಕ್ಕೆ ಮೇಲೆ ಎಂದು ಅಂದಾಜು. ಅಂದಾಜು ಏಕೆಂದರೆ ಆಗಿನ ಭಾರತೀಯ ಹಾಕಿ ಫೆಡರೇಷನ್ ಅಧಿಕೃತ ಲೆಕ್ಕವನ್ನೇ ಇಡಲಿಲ್ಲ. ದೇಶದ ಅತ್ಯಂತ ಹೆಸರಾದ ಫಾರ್ವರ್ಡ್‌ನ ಗೋಲನ್ನೇ ಎಣಿಸದವರು, ಸಮೇತನಹಳ್ಳಿಯ ಹುಡುಗ ಕಸಿದ ಚೆಂಡನ್ನು ಎಣಿಸುವರೆಂದು ನಿರೀಕ್ಷಿಸುವುದು ನನ್ನದೇ ಮೌಢ್ಯವಿರಬಹುದು.

ಹಳೆಯ ಕಾಲದಲ್ಲಿ ಈ ಮರೆವಿಗೆ ಒಂದು ಕ್ಷಮೆಯಿತ್ತು. ಆಗ ಐವರು ಫಾರ್ವರ್ಡ್‌ಗಳು, ಮೂವರು ಹಾಫ್ ಬ್ಯಾಕ್‌ಗಳು, ಇಬ್ಬರು ಫುಲ್ ಬ್ಯಾಕ್‌ಗಳು ಎಂದು ಸಾಲುಗಟ್ಟಿ ನಿಲ್ಲುತ್ತಿದ್ದರು. ನೆಲ ಹುಲ್ಲಿನದು, ಆಟದಲ್ಲಿ ಆಫ್‌ಸೈಡ್ ನಿಯಮವಿತ್ತು. ಮುಂದಿನವನು ಮುಂದೆ, ಹಿಂದಿನವನು ಹಿಂದೆ. ಆದರೆ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಕೃತಕ ನೆಲ ಬಂತು. ಚೆಂಡಿನ ವೇಗ ಹೆಚ್ಚಿತು. 1998ರಲ್ಲಿ ಆಫ್‌ಸೈಡ್ ನಿಯಮವೇ ಹೊರಟುಹೋಯಿತು. ಬೇಕಾದಷ್ಟು ಸಲ ಆಟಗಾರರನ್ನು ಬದಲಿಸಬಹುದೆಂಬ ನಿಯಮ ಬಂತು. ಈಗ ಎದುರಾಳಿಯ ಬ್ಯಾಕ್ ಚೆಂಡು ಹಿಡಿದ ಕ್ಷಣವೇ ಅವನ ದಾಳಿ ಪ್ರಾರಂಭ. ಅವನನ್ನು ಮೊದಲು ತಡೆಯಬೇಕಾದವನು ಯಾರು? ಅವನ ಎದುರಿಗೆ ನಿಂತ ಫಾರ್ವರ್ಡ್. ಅಂದರೆ ಇಂದಿನ ಹಾಕಿಯಲ್ಲಿ ಮೊದಲನೆಯ ಬ್ಯಾಕ್ ಎಂದರೆ ಫಾರ್ವರ್ಡೇ. ಆಟ ಇಷ್ಟು ಬದಲಾದರೂ ಆಯ್ಕೆಯ ಕಣ್ಣು ಮಾತ್ರ ಹುಲ್ಲಿನ ಮೈದಾನದಲ್ಲೇ ನಿಂತಿದೆ.

ನಂಬದವರು 2024ರ ಪ್ಯಾರಿಸ್ ಒಲಿಂಪಿಕ್ಸಿನ ಲೆಕ್ಕವನ್ನು ತೆಗೆದು ನೋಡಲಿ. ಭಾರತ ಅಲ್ಲಿ ಎಂಟು ಪಂದ್ಯಗಳಲ್ಲಿ 15 ಗೋಲು ಹೊಡೆದು ಕಂಚು ಗೆದ್ದಿತು. ಆ 15ರಲ್ಲಿ 10 ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರದು. ಅವರು ಬ್ಯಾಕ್. ಒಂದು ಗೋಲು ಮಧ್ಯಪಂಕ್ತಿಯ ವಿವೇಕ್ ಸಾಗರ್ ಅವರದು. ತಂಡದ ಫಾರ್ವರ್ಡ್‌ಗಳು ಎಲ್ಲರೂ ಸೇರಿ ಹೊಡೆದದ್ದು 4: ಅಭಿಷೇಕ್ ಎರಡು, ಮನ್‌ದೀಪ್ ಒಂದು, ಸುಖಜೀತ್ ಒಂದು. ನಮ್ಮ ಆಯ್ಕೆಗಾರರ ಸೂತ್ರವನ್ನು ಹಚ್ಚಿದರೆ ಒಲಿಂಪಿಕ್ ಪದಕ ತಂದ ಆ ಇಡೀ ಮುಂಪಡೆಯನ್ನು ಮನೆಗೆ ಕಳುಹಿಸಬೇಕು! ಆದರೆ ಹರ್ಮನ್‌ಪ್ರೀತರಿಗೆ ಪೆನಾಲ್ಟಿ ಕಾರ್ನರ್‌ಗಳು ಆಕಾಶದಿಂದ ಉದುರಿದವೆ? ಡಿ ವೃತ್ತದೊಳಕ್ಕೆ ಯಾರೋ ಚೆಂಡನ್ನು ನುಗ್ಗಿಸಿದ್ದರಿಂದ ತಾನೆ ಬಂದವು? ಹಾಗೆ ಸಂಪಾದಿಸಿಕೊಟ್ಟವನ ಹೆಸರು ಮರುದಿನದ ಪತ್ರಿಕೆಯ ಗೋಲಿನ ಪಟ್ಟಿಯಲ್ಲಿ ಇರುವುದಿಲ್ಲ.

ಅದೇ ಕೂಟದ ಕ್ವಾರ್ಟರ್ ಫೈನಲ್ ನೆನಪಿಸಿಕೊಳ್ಳಿ. ಎದುರಾಳಿ ಬ್ರಿಟನ್. 17ನೆಯ ನಿಮಿಷದಲ್ಲಿ ಅಮಿತ್ ರೋಹಿದಾಸ್ ಅವರಿಗೆ ಕೆಂಪು ಚೀಟಿ. ಉಳಿದ ನಲವತ್ತು ನಿಮಿಷಕ್ಕೂ ಮಿಕ್ಕಿದ ಆಟವನ್ನು ಭಾರತ ಹತ್ತೇ ಜನರಿಂದ ಆಡಿತು. 1-1ರಲ್ಲಿ ಹಿಡಿದು ನಿಲ್ಲಿಸಿ ಶೂಟೌಟಿನಲ್ಲಿ 4-2ರಿಂದ ಗೆದ್ದಿತು. ಗೋಲ್‌ಕೀಪರ್ ಶ್ರೀಜೇಶರ ಪ್ರತಾಪವನ್ನು ನಾಡೆಲ್ಲ ಕೊಂಡಾಡಿತು; ಕೊಂಡಾಡಬೇಕಾದದ್ದೇ. ಆದರೆ ಆ ನಲವತ್ತು ನಿಮಿಷ ಮುಂದಿನವರು ಹಿಂದಕ್ಕೆ ಬಂದು ಬಾಗಿದ ಬೆನ್ನನ್ನು ನೆಟ್ಟಗೆ ಮಾಡದೆ ತಡೆದರಲ್ಲ, ಅದಕ್ಕೆ ಯಾವ ಪಟ್ಟಿ? 'ಊಟಕ್ಕೆ ಮುಂದು, ಕೆಲಸಕ್ಕೆ ಹಿಂದು' ಎಂಬಂಥ ಫಾರ್ವರ್ಡ್‌ಗಳು ಅಂದು ತಂಡದಲ್ಲಿದ್ದಿದ್ದರೆ ಪದಕದ ಮಾತು ಅಂದೇ ಮುಗಿಯುತ್ತಿತ್ತು. ತಂಡದ ತರಬೇತುದಾರರಾದ ದಕ್ಷಿಣ ಆಫ್ರಿಕದ ಕ್ರೇಗ್ ಫುಲ್ಟನ್ 2023ರಲ್ಲಿ ಬಂದಾಗಿನಿಂದ ಹೇಳುತ್ತಿದ್ದುದೂ ಇದನ್ನೇ: ಗೆಲ್ಲಬೇಕಾದರೆ ಮೊದಲು ತಡೆಯುವುದನ್ನು ಕಲಿಯಬೇಕು.

ನಮ್ಮ ಮನೆಯ ಉದಾಹರಣೆಯನ್ನೇ ಬೇಕೆಂದರೆ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇದ್ದಾರೆ. ಭಾರತಕ್ಕೆ 264 ಪಂದ್ಯಗಳನ್ನು ಆಡಿ 2021ರಲ್ಲಿ ನಿವೃತ್ತರಾದರು. ಹೊಡೆದ ಗೋಲು 72. ಸರಾಸರಿ ತೆಗೆದರೆ ಮೂರೂವರೆ ಪಂದ್ಯಕ್ಕೂ ಮಿಕ್ಕಿ ಒಂದು ಗೋಲು. ಇಪ್ಪತ್ತು ನಿಮಿಷದ ಎರಡು ಆಟದಲ್ಲಿ ಗೋಲು ಹೊಡೆಯದವನು ಫಾರ್ವರ್ಡೇ ಅಲ್ಲವೆಂದಾದರೆ, ಸುನಿಲರಂಥವರು ಕೂಡ ಬಹಳ ದಿನ ಬರಿಗೈಯಲ್ಲಿ ಬಸ್ಸು ಹತ್ತಿ ಮನೆಗೆ ಹೋಗಬೇಕಾಗಿತ್ತು. ಅವರ ವೇಗ ಎದುರಾಳಿಯ ರಕ್ಷಣೆಯನ್ನು ಚೆದರಿಸುತ್ತಿತ್ತು. ಬಲಗಡೆಯಿಂದ ಅವರು ನುಗ್ಗಿದರೆಂದರೆ ನಡುವೆ ಇನ್ನೊಬ್ಬನಿಗೆ ಜಾಗ ಬಿಡುತ್ತಿತ್ತು. ಅದನ್ನು ಬಲ್ಲವರು ಬಲ್ಲರು. ಬಲ್ಲವರು ಇಲ್ಲದ ಕಡೆ ಏನು ಗತಿ ಎಂಬುದೇ ಪ್ರಶ್ನೆ.

ಹಾಗಾದರೆ ಏನನ್ನು ಎಣಿಸಬೇಕು? ಇಲ್ಲಿ ನಮ್ಮ ಹಾಕಿಯ ಹಿಮದ ದಾಯಾದಿಯನ್ನು ಸ್ವಲ್ಪ ನೋಡುವುದು ಒಳ್ಳೆಯದು. ಅಮೆರಿಕ ಮತ್ತು ಕೆನಡಾಗಳ ಐಸ್ ಹಾಕಿಯಲ್ಲಿ ಎರಡೂ ಕಡೆ ದುಡಿಯುವ ಫಾರ್ವರ್ಡ್‌ಗೆ ಗೌರವವಿದೆ. ರಕ್ಷಣೆಯಲ್ಲಿ ಶ್ರೇಷ್ಠನೆನಿಸಿದ ಫಾರ್ವರ್ಡ್‌ಗೆಂದೇ 1978ರಿಂದ ಸೆಲ್ಕಿ ಹೆಸರಿನ ಒಂದು ಬಹುಮಾನವಿದೆ. ಮೊದಲ ನಾಲ್ಕು ವರ್ಷವೂ ಅದನ್ನು ಗೆದ್ದವರು ಮಾಂಟ್ರಿಯಲ್ ತಂಡದ ಬಾಬ್ ಗೇನಿ. ಗೌರವ ಕೊಡಬೇಕಾದರೆ ಅಳತೆ ಬೇಕು. ಅವರು 1967-68ರಿಂದ ಅಧಿಕೃತವಾಗಿ ಇಟ್ಟ ಲೆಕ್ಕಕ್ಕೆ 'ಪ್ಲಸ್-ಮೈನಸ್' ಎಂದು ಹೆಸರು. ಆಟಗಾರ ಅಂಕಣದಲ್ಲಿರುವಾಗ ತನ್ನ ತಂಡ ಗೋಲು ಹೊಡೆದರೆ ಒಂದು ಕೂಡಿಸು, ಗೋಲು ತಿಂದರೆ ಒಂದು ಕಳೆ. ಸರಳವಾದ ಲೆಕ್ಕ. ಆದರೆ ಗೋಲುಗಳು ಬೀಳುವುದೇ ಅಪರೂಪ. ಅದೃಷ್ಟವೂ ಗೋಲ್‌ಕೀಪರನ ಗುಣಾವಗುಣವೂ ಅದರಲ್ಲಿ ಬೆರೆತು ಆಟಗಾರನ ಪಾಲು ಎಷ್ಟೆಂದು ತಿಳಿಯುವುದಿಲ್ಲ. ಈ ದೋಷವನ್ನು ಅವರೇ ಕಂಡುಕೊಂಡರು. ಬಫಲೋ ತಂಡದ ಗೋಲ್‌ಕೀಪರುಗಳಿಗೆ ಪಾಠ ಹೇಳುತ್ತಿದ್ದ ಜಿಮ್ ಕಾರ್ಸಿ ಎಂಬಾತ ಗೋಲಿನ ಕಡೆಗೆ ಬಂದ ಎಲ್ಲ ಹೊಡೆತಗಳನ್ನೂ ಎಣಿಸತೊಡಗಿದ. ಒಳಗೆ ಹೋದದ್ದು, ಕೀಪರ್ ತಡೆದದ್ದು, ಪಕ್ಕಕ್ಕೆ ಹೋದದ್ದು, ನಡುವೆ ಅಡ್ಡ ಬಿದ್ದದ್ದು ಎಲ್ಲವೂ ಸೇರಿ. ಕೀಪರನ ದುಡಿಮೆಯನ್ನು ಅಳೆಯಲು ಹುಟ್ಟಿದ ಈ ಲೆಕ್ಕ ಮುಂದೆ ಅವನ ಹೆಸರಿನಲ್ಲೇ ಎಲ್ಲ ಆಟಗಾರರಿಗೂ ಹಬ್ಬಿತು. ಈತ ಅಂಕಣದಲ್ಲಿದ್ದಾಗ ಆಟ ಯಾವ ಕಡೆಗೆ ವಾಲಿತ್ತು ಎಂಬುದು ಅದರಿಂದ ತಿಳಿಯುತ್ತದೆ.

ಅದನ್ನು ಹಾಗೆಯೇ ಎತ್ತಿ ತಂದು ನಮ್ಮ ಹುಲ್ಲಿಗೆ ನೆಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಆಟದಲ್ಲಿ ಅದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಿಯಮವೇ ಕೊಟ್ಟಿದೆ. ಡಿ ವೃತ್ತದ ಒಳಗಿನಿಂದ ಹೊಡೆದದ್ದು ಮಾತ್ರ ಗೋಲು. ಆದ್ದರಿಂದ ವೃತ್ತದೊಳಕ್ಕೆ ಚೆಂಡು ಎಷ್ಟು ಸಲ ಹೋಯಿತು ಎಂಬುದೇ ದಾಳಿಯ ನಿಜವಾದ ನಾಣ್ಯ. ಹುಡುಗ ಮೈದಾನದಲ್ಲಿದ್ದಾಗ ತನ್ನ ತಂಡ ಎದುರಾಳಿಯ ವೃತ್ತವನ್ನು ಎಷ್ಟು ಸಲ ಹೊಕ್ಕಿತು, ಎದುರಾಳಿ ನಮ್ಮ ವೃತ್ತವನ್ನು ಎಷ್ಟು ಸಲ ಹೊಕ್ಕಿತು, ಇವೆರಡರ ವ್ಯತ್ಯಾಸ ಬರೆಯಿರಿ. ಆತ ಹೊರಗೆ ಕುಳಿತಾಗ ಅದೇ ತಂಡದ ವ್ಯತ್ಯಾಸ ಎಷ್ಟೆಂದು ಪಕ್ಕದಲ್ಲಿ ಬರೆಯಿರಿ. ಇದು ಮೊದಲನೆಯದು. ಎದುರಾಳಿಯ 23 ಮೀಟರ್ ಗೆರೆಯ ಒಳಗೆ ಆತ ಎಷ್ಟು ಸಲ ಚೆಂಡು ಕಸಿದ, ಅಥವಾ ಅಡ್ಡ ನಿಂತು ಬ್ಯಾಕ್ ತಪ್ಪಾಗಿ ಕೊಡುವಂತೆ ಮಾಡಿದ? ಇದು ಎರಡನೆಯದು. ಎಷ್ಟು ಪೆನಾಲ್ಟಿ ಕಾರ್ನರ್ ಸಂಪಾದಿಸಿಕೊಟ್ಟ? ಮೂರನೆಯದು. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಪ್ರಿಯ: ಚೆಂಡನ್ನು ತಾನೇ ಕಳೆದುಕೊಂಡ ಮೇಲೆ ಮುಂದಿನ ಐದು ಸೆಕೆಂಡು ಏನು ಮಾಡಿದ? ಕೈ ಚೆಲ್ಲಿ ನಿಂತನೋ, ಅಂಪೈರನ ಮುಖ ನೋಡಿದನೋ, ತಿರುಗಿ ಓಡಿದನೋ? ಈ ಐದು ಸೆಕೆಂಡುಗಳಲ್ಲಿ ಹುಡುಗನ ಸ್ವಭಾವವೆಲ್ಲ ಅಡಗಿರುತ್ತದೆ.

ಈ ಎಲ್ಲವನ್ನೂ ಆಡಿದ ನಿಮಿಷಗಳಿಂದ ಭಾಗಿಸಬೇಕು. ಹತ್ತು ನಿಮಿಷ ಆಡಿದವನನ್ನೂ ನಲವತ್ತು ನಿಮಿಷ ಆಡಿದವನನ್ನೂ ಒಂದೇ ತಕ್ಕಡಿಗೆ ಹಾಕುವುದು ಲೆಕ್ಕವಲ್ಲ, ಮೋಸ.

ಇಷ್ಟು ಹೇಳುತ್ತಿದ್ದಂತೆ ಆಕ್ಷೇಪಗಳು ಎದ್ದು ನಿಲ್ಲುತ್ತವೆ. ಮೊದಲನೆಯದು ರಸಿಕರದು: 'ಹಾಕಿ ಒಂದು ಕಲೆ, ಕಲೆಯನ್ನು ಅಂಕಿಗಳಲ್ಲಿ ಕಟ್ಟಿಹಾಕಬೇಡಿ.' ಒಪ್ಪಿದೆ, ಕಲೆಯೇ. ಆದರೆ ಈ ರಸಿಕರು ಗೋಲನ್ನು ಎಣಿಸುವಾಗ ಕಲೆಯ ನೆನಪು ಮಾಡಿಕೊಳ್ಳುವುದಿಲ್ಲವಲ್ಲ! ಗೋಲು ಕೂಡ ಒಂದು ಅಂಕಿಯೇ. ಅವರ ವಿರೋಧವಿರುವುದು ಎರಡನೆಯ ಅಂಕಿಗೆ ಮಾತ್ರ. ತಾಳಕ್ಕೆ ಲೆಕ್ಕವಿದೆಯೆಂದು ಸಂಗೀತ ಕೆಟ್ಟಿತೆ? ಲೆಕ್ಕ ತಪ್ಪಿದಾಗಲೇ ಅಲ್ಲವೆ ಕೆಡುವುದು?

ಎರಡನೆಯ ಆಕ್ಷೇಪಕ್ಕೆ ತೂಕವಿದೆ. 'ಫಾರ್ವರ್ಡ್‌ನನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದರೆ ಅವನ ಮೊನೆ ಮೊಂಡಾಗುತ್ತದೆ. ಗೋಲಿನ ಮುಂದೆ ಬಂದಾಗ ಉಸಿರೇ ಇರುವುದಿಲ್ಲ' ಎಂದು ಹಳೆಯ ಆಟಗಾರರು ಹೇಳುತ್ತಾರೆ. ಹಾಗಾಗುವುದುಂಟು. ಎಲ್ಲರನ್ನೂ ಕೂಲಿಯಾಳುಗಳನ್ನಾಗಿ ಮಾಡುವ ತರಬೇತುದಾರರೂ ಉಂಟು. ಆದರೆ ಎದುರಾಳಿಯ ಗೆರೆಯ ಬಳಿ ಕಸಿದ ಚೆಂಡು ರಕ್ಷಣೆಯೋ ದಾಳಿಯೋ? ಅಲ್ಲಿಂದ ಗೋಲಿಗೆ ನಾಲ್ಕು ಹೆಜ್ಜೆ. ಆ ಕಸಿತ ನಮ್ಮ ವೃತ್ತಕ್ಕೆ ಓಡಿ ಬರುವ ಐವತ್ತು ಗಜವನ್ನು ಉಳಿಸುತ್ತದೆ. ಉಸಿರಿನ ಮಾತಿಗೆ ಬಂದರೆ, ಇಂದು ಫಾರ್ವರ್ಡ್‌ಗಳನ್ನು ಕೆಲವೇ ನಿಮಿಷ ಆಡಿಸಿ ಹೊರಕ್ಕೆ ಕರೆದು ಮತ್ತೆ ಕಳುಹಿಸುತ್ತಾರೆ; ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಇನ್ನು ಹುಟ್ಟುಗುಣದಿಂದಲೇ ಗೋಲು ಹೊಡೆಯುವ ಅಪರೂಪದ ಹುಡುಗ ಬಂದನೆನ್ನಿ; ನಾನು ಹೇಳುವ ಲೆಕ್ಕ ಅವನನ್ನೂ ಹೊರಗೆ ಹಾಕುವುದಿಲ್ಲ. ಆತ ತಡೆಯದಿದ್ದರೂ ತಂಡದ ಬಾಕಿ ಅವನಿಂದ ತುಂಬುತ್ತಿದೆಯೆಂದು ಆ ವ್ಯತ್ಯಾಸವೇ ತೋರಿಸಿಕೊಡುತ್ತದೆ. ಎರಡು ಕಡೆಯ ಲೆಕ್ಕ ಇಟ್ಟವನಿಗೆ ಮಾತ್ರ ಒಂದು ಕಡೆಯ ಆಟಗಾರನ ನಿಜವಾದ ಬೆಲೆ ಗೊತ್ತಾಗುವುದು.

ಮೂರನೆಯದು ನಾನೇ ಎತ್ತಬೇಕಾದ ಆಕ್ಷೇಪ. ಲೆಕ್ಕದ ಹೆಸರಿನಲ್ಲಿ ಢಂಬಾಚಾರ ನಡೆಸುವವರು ಇದ್ದಾರೆ. ಹುಡುಗನ ಬೆನ್ನಿಗೆ ಯಂತ್ರ ಕಟ್ಟಿ 'ಇಷ್ಟು ಕಿಲೋಮೀಟರ್ ಓಡಿದ' ಎಂದು ಬಣ್ಣದ ನಕ್ಷೆ ತೋರಿಸುತ್ತಾರೆ. ಗಾಣದ ಎತ್ತೂ ದಿನಕ್ಕೆ ಹರದಾರಿಗಟ್ಟಲೆ ನಡೆಯುತ್ತದೆ. ಊರ ಬಾಗಿಲು ದಾಟಿರುವುದಿಲ್ಲ. ಓಡಿದ್ದು ಮುಖ್ಯವಲ್ಲ, ಎಲ್ಲಿಗೆ ಯಾವಾಗ ಓಡಿದ ಎಂಬುದು ಮುಖ್ಯ. ಇನ್ನೊಂದು ಅಪಾಯ, ಬಲವಾದ ತಂಡದಲ್ಲಿ ಆಡಿದವನ ಅಂಕಿಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ. ದುರ್ಬಲ ತಂಡದಲ್ಲಿ ಸಿಂಹದಂತೆ ಆಡಿದವನ ಅಂಕಿಯೂ ಸೊರಗಿರುತ್ತದೆ. ಅದಕ್ಕೇ ಆತ ಒಳಗಿದ್ದಾಗಿನದನ್ನು ಹೊರಗಿದ್ದಾಗಿನದರೊಡನೆ ಹೋಲಿಸಿ ಎಂದದ್ದು. ಮತ್ತೊಂದು ಮಾತು: ಎರಡು ಆಟದ ಅಂಕಿಗಳು ಏನನ್ನೂ ಸಿದ್ಧಪಡಿಸುವುದಿಲ್ಲ. ಸೋದರಮಾವನ ಟಿಕೆಟ್ಟಿನ ಮೇಲಿನ ಆ ಏಳು ಗೀಟುಗಳಿಂದ ನಮ್ಮ ಹುಡುಗ ದೊಡ್ಡ ಆಟಗಾರನೆಂದು ನಾನು ಹೇಳಲಾರೆ. ಹಾಗೆಯೇ ಆ ಎರಡು ಗೋಲುಗಳಿಂದ ಇನ್ನೊಬ್ಬ ದೊಡ್ಡವನೆಂದು ಅವರೂ ಹೇಳಲಾರರು. ನಲವತ್ತು ನಿಮಿಷದಲ್ಲಿ ಯಾರ ಭವಿಷ್ಯವನ್ನೂ ಬರೆಯಲಾಗದೆಂಬುದೇ ಲೆಕ್ಕ ಕಲಿಸುವ ಮೊದಲ ಪಾಠ. ಕಣ್ಣಂದಾಜಿಗೆ ಈ ವಿನಯ ಇಲ್ಲವೇ ಇಲ್ಲ.

ಕಣ್ಣಿನ ಮೋಸಕ್ಕೆ ಒಂದು ನಿದರ್ಶನ ಕೊಡುತ್ತೇನೆ. 1980ರ ದಶಕದಲ್ಲಿ ಕೆನಡಾದ ಸಂಶೋಧಕರು ಅಲ್ಲಿಯ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ನೋಡಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಬಹಳ. ಕೊನೆಯ ತಿಂಗಳುಗಳವರು ಕಡಿಮೆ. ಕಾರಣ ಗ್ರಹಗತಿಯಲ್ಲ. ವಯಸ್ಸಿನ ಗುಂಪು ಜನವರಿ ಒಂದಕ್ಕೆ ಪ್ರಾರಂಭವಾಗುತ್ತಿತ್ತು. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು, ಮೈಯಲ್ಲಿ ದಷ್ಟಪುಷ್ಟ. ಆಯ್ಕೆಗಾರರ ಕಣ್ಣು ಮೈಯನ್ನು ಕಂಡು ಪ್ರತಿಭೆಯೆಂದು ಬರೆದುಕೊಂಡಿತು. ನಮ್ಮ ಹಳ್ಳಿಗಳಲ್ಲಂತೂ ಶಾಲೆಗೆ ಸೇರಿಸುವ ದಿನ ಮೇಷ್ಟ್ರ ಲೇಖನಿಗೆ ಬಂದದ್ದೇ ಹುಟ್ಟಿದ ದಿನವಾಗಿರುವುದುಂಟು. ಹೀಗಿರುವಾಗ ಬರಿಯ ನೋಟವನ್ನು ಹೇಗೆ ನಂಬುವುದು? 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟದ್ದು ಸುಮ್ಮನಲ್ಲ.

ಕಡೆಯ ಆಕ್ಷೇಪ ಹಣದ್ದು. 'ಇದಕ್ಕೆಲ್ಲ ಯಂತ್ರ ಬೇಕು, ತಜ್ಞರು ಬೇಕು, ಬೊಕ್ಕಸದಲ್ಲಿ ಎಲ್ಲಿದೆ?' ಈ ಮಾತು ಕೇಳಿದಾಗ ನನಗೆ ನಗು ಬರುತ್ತದೆ. ಇದೇ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ರಾಷ್ಟ್ರೀಯ ತಂಡದ ಶಿಬಿರಗಳು ನಡೆಯುತ್ತವೆ. ಆ ತಂಡಕ್ಕೆ ವೀಡಿಯೊ ನೋಡಿ ಲೆಕ್ಕ ತೆಗೆಯುವವರಿದ್ದಾರೆ, ಆಟಗಾರರ ಓಟ ಅಳೆಯುವ ಯಂತ್ರಗಳಿವೆ. ಸಂತೋಷ. ಆದರೆ ಅರ್ಥವೇನಾಯಿತು? ಆಯ್ಕೆಯಾಗಿ ಮೇಲೆ ಕುಳಿತವರಿಗೆ ಲೆಕ್ಕ. ಆಯ್ಕೆಯಾಗಬೇಕಾದ ಮಕ್ಕಳಿಗೆ ಕಣ್ಣಂದಾಜು. ನೀರು ಬೇಕಾದದ್ದು ಸಸಿಗೆ, ನಾವು ಹೊಯ್ಯುತ್ತಿರುವುದು ಮರಕ್ಕೆ. ಸಸಿಗೆ ಬೇಕಾದದ್ದಾದರೂ ಎಷ್ಟು? ಒಂದು ನೋಟ್‌ಬುಕ್ಕು, ಎರಡು ಪೆನ್ಸಿಲ್ಲು, ಒಂದು ಗಡಿಯಾರ, ಆಟ ಬಲ್ಲ ಇಬ್ಬರು ಕಾಲೇಜು ಹುಡುಗರು. ಒಬ್ಬ ಈ ಕಡೆಯ ವೃತ್ತ ನೋಡಲಿ, ಇನ್ನೊಬ್ಬ ಆ ಕಡೆಯದು. ಮೊಬೈಲಿನಲ್ಲಿ ಆಟವನ್ನು ಹಿಡಿದಿಟ್ಟರೆ ಅನುಮಾನ ಬಂದದ್ದನ್ನು ಮತ್ತೆ ನೋಡಬಹುದು.

ಎಲ್ಲಿಂದ ಪ್ರಾರಂಭಿಸಬೇಕೆಂದರೆ ಕೊಡಗಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು 60 ಕುಟುಂಬಗಳಿಂದ ಪ್ರಾರಂಭಿಸಿದರು. 2024ರಲ್ಲಿ ನಾಪೋಕ್ಲಿನಲ್ಲಿ ಆಡಿದ ಕುಟುಂಬಗಳು 360. ಅಷ್ಟು ಪಂದ್ಯಗಳು, ಅಷ್ಟು ಹುಡುಗರು, ಗ್ಯಾಲರಿಯ ತುಂಬ ಆಟ ಬಲ್ಲ ಹಿರಿಯರು! 1973ರ ವಿಶ್ವಕಪ್ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ಎಂ.ಎಂ. ಸೋಮಯ್ಯ ಇವರನ್ನೆಲ್ಲ ಕೊಟ್ಟ ನಾಡು ಅದು. ಅಲ್ಲಿ ಪ್ರತಿ ಪಂದ್ಯಕ್ಕೂ ಒಂದು ಹಾಳೆ ತುಂಬಿಸಿದರೆ ಒಂದೇ ಬೇಸಿಗೆಯಲ್ಲಿ ಸಿಗುವ ಲೆಕ್ಕ ಎಷ್ಟೋ ವರ್ಷಗಳ ಊಹಾಪೋಹವನ್ನು ಗುಡಿಸಿ ಹಾಕುತ್ತದೆ. ಇಂದು ಆ ಪಂದ್ಯಗಳಿಂದ ನಮಗೆ ಉಳಿಯುವುದು ಯಾರು ಗೆದ್ದರು, ಯಾರು ಗೋಲು ಹೊಡೆದರು ಎಂಬ ಎರಡು ಸಾಲು.

ನನ್ನ ಬೇಡಿಕೆ ದೊಡ್ಡದೇನಲ್ಲ. ಸಾರ್ವಜನಿಕರ ಹಣದಲ್ಲಿ ನಡೆಯುವ ಪ್ರತಿಯೊಂದು ಆಯ್ಕೆಯಲ್ಲೂ ಒಂದು ಹಾಳೆ ಇರಲಿ. ನಲವತ್ತು ನಿಮಿಷದ ಬದಲು ನಾಲ್ಕಾರು ದಿನ, ಬೇರೆ ಬೇರೆ ಜತೆಗಾರರೊಡನೆ ಆಡಿಸಲಿ. ಹುಡುಗ ಆಡಿದ ನಿಮಿಷ, ವೃತ್ತದ ವ್ಯತ್ಯಾಸ, ಕಸಿದ ಚೆಂಡು, ಸಂಪಾದಿಸಿದ ಕಾರ್ನರ್, ಹೊಡೆದ ಗೋಲು ಅದರಲ್ಲಿ ಬರಲಿ. ಅದರ ಕೆಳಗೆ ಆಯ್ಕೆಗಾರರು ತಮ್ಮ ಕಣ್ಣಿಗೆ ಕಂಡದ್ದನ್ನೂ ಬರೆಯಲಿ. ಕಣ್ಣನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷದ ಅನುಭವಕ್ಕೆ ಬೆಲೆಯಿದೆ. ಅಂಕಿ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದರೆ ಏಕೆಂದು ಎರಡು ಮಾತು ಬರೆಯಲಿ. ಕೊನೆಗೆ ಅದರ ಒಂದು ಪ್ರತಿಯನ್ನು ಹುಡುಗನ ಕೈಗೆ ಕೊಡಲಿ. ಆಯ್ಕೆಯಾದವನಿಗೂ, ಆಗದವನಿಗೂ.

ಇದನ್ನು ಒಪ್ಪಲು ಕೆಲವರು ಏಕೆ ಹಿಂಜರಿಯುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಕಣ್ಣಂದಾಜಿನ ಒಂದು ಅನುಕೂಲವೆಂದರೆ ಅದಕ್ಕೆ ದಾಖಲೆಯಿಲ್ಲ. ಯಾರದೋ ಶಿಫಾರಸು, ಯಾರದೋ ಮಗ, ಯಾವುದೋ ಕ್ಲಬ್ಬಿನ ಋಣ ಎಲ್ಲವೂ 'ನನ್ನ ಕಣ್ಣಿಗೆ ಹಾಗೆ ಕಂಡಿತು' ಎಂಬ ಮಾತಿನ ಕೆಳಗೆ ಸುಖವಾಗಿ ಮಲಗಬಹುದು. ಎಲ್ಲ ಆಯ್ಕೆಗಾರರೂ ಹೀಗೆ ಎಂದರೆ ಅನ್ಯಾಯವಾದೀತು; ಪ್ರಾಮಾಣಿಕರೇ ಹೆಚ್ಚು. ಆದರೆ ಪ್ರಾಮಾಣಿಕರಿಗೆ ಹಾಳೆಯಿಂದ ಭಯವೇಕೆ? ಅದು ಅವರಿಗೇ ರಕ್ಷೆ.

ಹಾಲಿನ ಲೆಕ್ಕವೂ ಮೊದಲು ಲೀಟರಿನದಷ್ಟೇ ಆಗಿದ್ದ ಕಡೆ ನೀರು ಬೆರೆಸುವುದು ಲಾಭವಾಗಿತ್ತು. ಡಿಗ್ರಿ ನೋಡಲು ಪ್ರಾರಂಭಿಸಿದಾಗ ಕೆಲವರು ಅದನ್ನೂ ಏಮಾರಿಸುವ ದಾರಿ ಹುಡುಕಿದರು. ಆಗ ಯಾರೂ 'ಅಳತೆಯೇ ಬೇಡ, ಕಣ್ಣಿಂದ ನೋಡಿ ಕೊಳ್ಳೋಣ' ಎನ್ನಲಿಲ್ಲ, ಕೊಬ್ಬನ್ನೂ ಅಳೆಯತೊಡಗಿದರು. ಗೋಲು ಎಂಬುದು ಲೀಟರು. ಅದು ಬೇಕು. ಆದರೆ ಒಳಗಿನ ಕೊಬ್ಬನ್ನು ಅದು ಹೇಳುವುದಿಲ್ಲ.

ಸಮೇತನಹಳ್ಳಿಯ ಆ ಹುಡುಗ ಬೆಳಗ್ಗೆ ತಾಯಿಯ ಜತೆ ಡೇರಿಗೆ ಹೋಗುತ್ತಾನೆ. ಅವರ ಮನೆಯ ಹಸುವಿನ ಹಾಲು ಎಷ್ಟಕ್ಕೆ ನಿಂತಿತು, ಏಕೆ ನಿಂತಿತು ಎಂಬುದಕ್ಕೆ ಪ್ರತಿದಿನ ಒಂದು ಚೀಟಿ ಮನೆಗೆ ಬರುತ್ತದೆ. ಅವನು ಏಕೆ ನಿಂತುಹೋದ ಎಂಬುದಕ್ಕೆ ಮಾತ್ರ ಇದುವರೆಗೆ ಯಾರೂ ಚೀಟಿ ಕೊಟ್ಟಿಲ್ಲ.